ಬೇಸಗೆಯ ಮನೆ, ತಂಪಿನ ಬೆಲೆ

ಬೇಸಗೆಯಲ್ಲಿ ಮನೆಯನ್ನು ತಂಪಾಗಿಡುವ ವಿಚಾರವೆದ್ದರೆ ನಮ್ಮ ಮನಸ್ಸು ಮೊದಲು ಅರಮನೆಗಳ ಕಡೆಗೆ ಹರಿಯುತ್ತದೆ. ವಿಜಯಪುರಕ್ಕೆ ಪೂರ್ವದಲ್ಲಿರುವ ಕುಮಟಗಿಯಲ್ಲಿ ಆದಿಲಶಾಹಿ ಅರಸರು ನೀರಿನ ನಡುವೆ ವಿಹಾರಮಂಟಪಗಳನ್ನು ಕಟ್ಟಿಸಿ, ಕೊಳವೆಗಳಿಂದ ನೀರು ತುಂತುರಾಗಿ ಸುರಿಯುವ ಏರ್ಪಾಡನ್ನು ಮಾಡಿಸಿದ್ದರು. ಅಕ್ಬರನ ಆಸ್ಥಾನದಲ್ಲಿ ಪೆಟ್ಲುಪ್ಪಿನಿಂದ ಕುಡಿಯುವ ನೀರನ್ನು ತಣಿಸುತ್ತಿದ್ದರೆಂದೂ, 1586ರ ಸುಮಾರಿನಿಂದ ಉತ್ತರದ ಬೆಟ್ಟಗಳ ಹಿಮವನ್ನು ಲಾಹೋರಿಗೆ ತರಿಸುತ್ತಿದ್ದರೆಂದೂ ಅಬುಲ್ ಫಜಲನ 'ಐನ್-ಇ-ಅಕ್ಬರಿ' ತಿಳಿಸುತ್ತದೆ. ಇವೆಲ್ಲ ಕೇಳುವುದಕ್ಕೆ ಸೊಗಸಾಗಿವೆ. ಆದರೆ ಕೆರೆಯೂ ಇಲ್ಲದ, ಹಿಮವೂ ಇಲ್ಲದ ಸಾಮಾನ್ಯ ಸಂಸಾರಿಗಳು ಅದೇ ಬಿಸಿಲಿನಲ್ಲಿ ಬಾಳಿದರಷ್ಟೆ? ಅವರ ಉಪಾಯಗಳಾವುವು, ಅವು ಏಕೆ ಮರೆಯಾದುವು ಎಂಬುದನ್ನು ನಾವು ಈಗ ವಿಚಾರಮಾಡೋಣ.

ರಾಯಚೂರು, ಕಲಬುರಗಿ, ವಿಜಯಪುರಗಳ ಕಡೆಯ ಹಳೆಯ ಮನೆಗಳನ್ನು ನೋಡಿದವರಿಗೆ ಮೊದಲು ಕಣ್ಣಿಗೆ ಬೀಳುವುದು ಗೋಡೆಗಳ ದಪ್ಪ. ಕಲ್ಲು ಮಣ್ಣುಗಳ ಗೋಡೆ, ತೊಲೆಗಳ ಮೇಲೆ ಹಲಗೆ ಹಾಸಿ ಮಣ್ಣನ್ನು ತುಂಬಿದ ಮಾಳಿಗೆ, ಬೀದಿಯ ಕಡೆಗೆ ಕೆಲವೇ ಕಿಟಕಿ, ಮೇಲ್ಗಡೆ ಒಂದೆರಡು ಬೆಳಕಿಂಡಿ. ಇದು ಕೇವಲ ಬಡತನದ ಗುರುತಲ್ಲ. ದಪ್ಪವಾದ ಮಣ್ಣು ಕಾವನ್ನು ಮೆಲ್ಲಮೆಲ್ಲನೆ ಹೀರುತ್ತದೆ. ಮಧ್ಯಾಹ್ನದ ಬಿಸಿಯು ಒಳಮೈಗೆ ತಲುಪುವ ಹೊತ್ತಿಗೆ ಸಂಜೆ ಕಳೆದಿರುತ್ತದೆ. ಅಷ್ಟರಲ್ಲಿ ಮನೆಯವರು ಹಾಸಿಗೆಗಳನ್ನು ಹೊತ್ತು ಮಾಳಿಗೆಯ ಮೇಲೆ, ಬಯಲಿನ ಗಾಳಿಯಲ್ಲಿ ಮಲಗುತ್ತಾರೆ. ಹೀಗೆ ಗೋಡೆಯ ಗುಣಕ್ಕೆ ಬದುಕಿನ ಕ್ರಮವೂ ಹೊಂದಿಕೊಂಡಿತ್ತು.

ಹಳೆಯ ಮೈಸೂರು ಸೀಮೆಯ ತೊಟ್ಟಿಮನೆಯದು ಬೇರೊಂದು ಬಗೆ. ನಡುವಣ ತೆರೆದ ತೊಟ್ಟಿಯ ನೆಲವು ರಾತ್ರಿ ಆಕಾಶಕ್ಕೆ ತನ್ನ ಕಾವನ್ನು ಬಿಟ್ಟುಕೊಡುತ್ತದೆ. ತಣ್ಣನೆಯ ಗಾಳಿ ಭಾರವಾದುದರಿಂದ ಕೆಳಗಿಳಿದು ಸುತ್ತಣ ಪಡಸಾಲೆಗೆ ಹರಡುತ್ತದೆ. ಕರಾವಳಿಯಲ್ಲಿಯಾದರೋ ಗಾಳಿಯೇ ತೇವದಿಂದ ತುಂಬಿರುವುದರಿಂದ, ಇಳಿಜಾರು ಮಾಡು, ಚಾಚಿದ ಸೂರು, ಗಾಳಿಯ ಸಂಚಾರ ಇವುಗಳೇ ಆಧಾರ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಆ ಕೆಂಪು ಹಂಚು ದೂರದೂರದ ಊರುಗಳಿಗೆ ಹೋಯಿತು. ಹಂಚುಗಳ ಸಂದಿನಿಂದ ಬಿಸಿಗಾಳಿ ಹೊರಬೀಳುವುದು ಆ ಮಾಡಿನ ಒಂದು ಗುಣ.

ನೀರು ಆರುವಾಗ ಸುತ್ತಣ ಕಾವನ್ನು ಸೆಳೆದುಕೊಳ್ಳುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ, ಬಾಗಿಲಿಗೆ ಕಟ್ಟಿ ನೀರು ಚಿಮುಕಿಸಿದ ಲಾವಂಚದ ತಟ್ಟಿಯಿಂದ ತಂಪುಗಾಳಿ ಬರುವುದೂ ಈ ಒಂದೇ ತತ್ತ್ವದಿಂದ. ಇದು ಒಣಹವೆಯ ಊರಿಗೆ ಸಲ್ಲುವ ಉಪಾಯ. ಮಂಗಳೂರಿನ ತೇವದ ಗಾಳಿಯಲ್ಲಿ ಅದರಿಂದ ಹೆಚ್ಚು ಫಲವಿಲ್ಲ.

ಇಲ್ಲಿ ನಾವು ಒಂದು ಮಾತನ್ನು ಮರೆಯಲಾಗದು. ತಂಪು ಅಗ್ಗವೆಂದು ತೋರಿದಾಗಲೆಲ್ಲ ಅದರ ಬೆಲೆಯನ್ನು ಮತ್ತಾರೋ ತೆತ್ತಿರುತ್ತಾರೆ. ತಟ್ಟಿಯನ್ನು ನೆನೆಸುವ ನೀರನ್ನು ಹೊತ್ತವರುಂಟು. ಬ್ರಿಟಿಷರ ಬಂಗಲೆಗಳಲ್ಲಿ ತೂಗುವ ಪಂಖಾದ ಹಗ್ಗವನ್ನು ಹೊರಜಗಲಿಯ ಸೆಕೆಯಲ್ಲಿ ಕುಳಿತು ಇರುಳೆಲ್ಲ ಎಳೆದವರುಂಟು. ಒಳಗಿನವರಿಗೆ ನಿದ್ರೆ, ಹೊರಗಿನವನಿಗೆ ಜಾಗರಣೆ. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಹೊರಟ ಹಡಗೊಂದು ಸುಮಾರು 180 ಟನ್ ಮಂಜುಗಡ್ಡೆಯನ್ನು ಹೇರಿಕೊಂಡು, ದಾರಿಯಲ್ಲಿ ಕರಗಿ ಉಳಿದ ಸುಮಾರು 100 ಟನ್ನನ್ನು ಕಲ್ಕತ್ತೆಯಲ್ಲಿ ಇಳಿಸಿತು. ಮದರಾಸಿನಲ್ಲಿಯೂ 1842ರಲ್ಲಿ ಕಡಲ ತೀರದಲ್ಲಿ ಐಸ್ ಹೌಸ್ ಎದ್ದಿತು. ಆ ಮಂಜುಗಡ್ಡೆ ಬಡವನ ಮನೆಯ ಹೊಸ್ತಿಲನ್ನು ದಾಟಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಹಳೆಯ ಮನೆಗಳನ್ನು ನಾವು ಬಿಟ್ಟುದು ಅವಿವೇಕವೆ? ಪೂರ್ತಿಯಾಗಿ ಹಾಗೆನ್ನಲಾಗದು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಕಿಟಕಿಯಿಲ್ಲದ ಕತ್ತಲೆಯ ಕೋಣೆಗಳೂ, ಇಲಿಗಳಿಗೆ ಆಶ್ರಯವಾದ ಮಣ್ಣಿನ ಗೋಡೆಗಳೂ ಜನರಿಗೆ ಭಯವನ್ನು ಹುಟ್ಟಿಸಿದುವು. ಬಸವನಗುಡಿ, ಮಲ್ಲೇಶ್ವರದಂತಹ ಬಡಾವಣೆಗಳಲ್ಲಿ ಅಗಲವಾದ ಬೀದಿ, ಮನೆಯ ಸುತ್ತ ಬಯಲು, ಬೆಳಕಿಗೆ ಕಿಟಕಿ ಇವು ಮುಖ್ಯವಾದುವು. ಆರೋಗ್ಯಕ್ಕಾಗಿ ಮಾಡಿದ ಈ ಬದಲಾವಣೆ ನ್ಯಾಯವಾದುದೇ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿಗೂ ಬಂದಿತು; ಮುಂದೆ ವಿದ್ಯುತ್ತಿನ ಬೀಸಣಿಗೆ ಪಂಖಾ ಎಳೆಯುವವನನ್ನು ಆ ಜಾಗರಣೆಯಿಂದ ಬಿಡಿಸಿತು. ಇದನ್ನೂ ನಾವು ಒಳ್ಳೆಯದೆಂದೇ ಎಣಿಸಬೇಕು.

ತಪ್ಪಾದುದು ಅನಂತರ. ಕಾಂಕ್ರೀಟಿನ ತೆಳು ಛಾವಣಿಯೂ, ಬಡವರಿಗೆ ತಗಡಿನ ಮಾಡೂ ಬಂದಾಗ, ಮಣ್ಣಿನ ದಪ್ಪ ಮಾಡುತ್ತಿದ್ದ ಕೆಲಸವನ್ನು ಇನ್ನಾವುದು ಮಾಡಬೇಕೆಂದು ನಾವು ಯೋಚಿಸಲಿಲ್ಲ. ಹಗಲೆಲ್ಲ ಕಾದ ಛಾವಣಿ ರಾತ್ರಿ ಮಲಗಿದವರ ಮೇಲೆ ಆ ಕಾವನ್ನು ಸುರಿಯುತ್ತದೆ. ಬೀಸಣಿಗೆಯು ಬಿಸಿಗಾಳಿಯನ್ನೇ ತಿರುಗಿಸುತ್ತದೆ. ಹಣವುಳ್ಳವರು ಹವಾನಿಯಂತ್ರಣದ ಯಂತ್ರವನ್ನಿರಿಸಿಕೊಂಡರೆ, ಅದು ಒಳಗಿನ ಬಿಸಿಯನ್ನು ಹೊರಕ್ಕೆ, ನೆರೆಯವರ ಕಿಟಕಿಯ ಕಡೆಗೆ ತಳ್ಳುತ್ತದೆ.

ಇದು ಕೇವಲ ಅನುಕೂಲದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಉಷ್ಣತೆ 46.8 ಡಿಗ್ರಿಗೆ ಏರಿದಾಗ, ಆ ಒಂದೇ ತಿಂಗಳಲ್ಲಿ ವಾಡಿಕೆಗಿಂತ 1,300ಕ್ಕೂ ಹೆಚ್ಚು ಮರಣಗಳಾದುವೆಂದು ಬಳಿಕ ಲೆಕ್ಕಹಾಕಲಾಯಿತು. ಆ ನಗರವು 2013ರಲ್ಲಿ ಬಿಸಿಲಿನ ಕಾಲಕ್ಕೆಂದೇ ಒಂದು ಯೋಜನೆಯನ್ನು ರಚಿಸಿತು. 2017ರಲ್ಲಿ ಬಡವರ ಮನೆಗಳ ಛಾವಣಿಗೆ ಬಿಳಿಯ ಲೇಪವನ್ನು ಬಳಿಯುವ ಕಾರ್ಯವೂ ಆರಂಭವಾಯಿತು. ಬಿಳುಪು ಬಿಸಿಲನ್ನು ಹಿಂದಕ್ಕಟ್ಟುತ್ತದೆ. ಹಬ್ಬಕ್ಕೆ ಮುನ್ನ ಗೋಡೆಗೆ ಸುಣ್ಣ ಬಳಿಯುತ್ತಿದ್ದ ನಮ್ಮ ಅಜ್ಜಿಯರಿಗೆ ಇದು ಹೊಸ ಸಂಗತಿಯಾಗಿ ತೋರುತ್ತಿರಲಿಲ್ಲ.

ಹಳೆಯ ಮನೆಗೆ ಹಿಂದಿರುಗಬೇಕೆಂಬುದು ನಮ್ಮ ಮಾತಲ್ಲ. ಕತ್ತಲೆಯೂ ಬೇಡ, ಪಂಖಾದ ಹಗ್ಗವೂ ಬೇಡ. ಛಾವಣಿಗೆ ಸುಣ್ಣ, ಪಡುವಣ ಗೋಡೆಗೆ ಮರದ ನೆರಳು, ಹಗಲು ಮುಚ್ಚಿ ರಾತ್ರಿ ತೆರೆಯುವ ಕಿಟಕಿ: ಈ ಮೂರಕ್ಕೆ ತಗಲುವ ವೆಚ್ಚ ಅಲ್ಪ. ಇವನ್ನು ನಾವು ನಮ್ಮ ಮನೆಯಲ್ಲಿ ಮಾಡಿಕೊಂಡರೆ ಸಾಲದು. ತಗಡಿನ ಮಾಡಿನ ಕೆಳಗೆ ಬೇಸಗೆಯನ್ನು ಕಳೆಯುವ ನೆರೆಯವನಿಗೂ ಇವು ದೊರಕುವಂತೆ ಮಾಡಬೇಕು. ತಂಪಿನ ಬೆಲೆಯನ್ನು ಮತ್ತೊಬ್ಬರ ಮೇಲೆ ಹೊರಿಸದೆ ತಂಪಾಗಿರುವುದೇ ನಾಗರಿಕತೆಯ ಲಕ್ಷಣವೆಂದು ನಾವು ಭಾವಿಸುತ್ತೇವೆ.