ವಕೀಲಿಯಿಂದ ವಚನಶಾಸ್ತ್ರಕ್ಕೆ: ಲಿಂಗೈಕ್ಯ ಫ. ಗು. ಹಳಕಟ್ಟಿಯವರು

ನಮ್ಮ ಹಳಿಯಾಳ, ಮುಂಡಗೋಡ, ದಾಂಡೇಲಿ, ಜೋಯಿಡಾ ಸೀಮೆಯ ಭಕ್ತರ ಮನೆಗಳಲ್ಲಿ ಶರಣರ ವಚನಗಳು ಇಂದು ಎಳೆಯ ಮಕ್ಕಳ ಬಾಯಲ್ಲಿಯೂ ನಲಿಯುತ್ತಿರುವವು. ಆದರೆ ಇವುಗಳಲ್ಲಿ ಬಹುಭಾಗವು ಓಲೆಗಟ್ಟುಗಳೊಳಗೆ ಅಡಗಿ, ಬಟ್ಟೆ ಸುತ್ತಿಸಿಕೊಂಡು, ಜಗುಲಿಯ ಮೇಲೆ ಬರಿಯ ಪೂಜೆಗೊಳ್ಳುತ್ತಿದ್ದ ಕಾಲವು ಬಹು ದೂರದ್ದಲ್ಲ. ವಿಭೂತಿ ಪತ್ರೆಗಳಿಗೆ ಕೊರತೆಯಿರಲಿಲ್ಲ. ಗಂಟು ಬಿಚ್ಚಿ ಓದುವವರೇ ವಿರಳರಾಗಿದ್ದರು. ಆ ಗಂಟನ್ನು ಬಿಚ್ಚಿದವರಲ್ಲಿ ಅಗ್ರಗಣ್ಯರು ಮಠಾಧಿಪತಿಗಳಲ್ಲ, ಪಂಡಿತರೂ ಅಲ್ಲ, ಒಬ್ಬ ವಕೀಲರು ಎಂಬುದು ಗಮನಿಸತಕ್ಕ ಸಂಗತಿಯಾಗಿದೆ.

ಫಕೀರಪ್ಪನವರು ೧೮೮೦ನೆಯ ಇಸವಿ ಜುಲೈ ೨ರಂದು, ನಮ್ಮವರಿಗೆ ನೆರೆಯೂರೇ ಆದ ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು. ಕಲಿಸುವ ಮತ್ತು ಬರೆಯುವ ಗೀಳು ಮಗನಿಗೆ ಮನೆಯಿಂದಲೇ ಬಂದಿತೆನ್ನಬೇಕು. ಮುಂಬಯಿಯಲ್ಲಿ ಓದಿ ೧೯೦೪ರಲ್ಲಿ ಕಾಯಿದೆಯ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ, ಬೆಳಗಾವಿಯಲ್ಲಿ ಕೆಲಕಾಲ ವಕೀಲಿ ನಡೆಯಿಸಿ, ಬಳಿಕ ಬಿಜಾಪುರದಲ್ಲಿ ನೆಲೆಸಿದರು. ಅಲ್ಲಿ ಸರಕಾರಿ ವಕೀಲರೂ ಆದರು. ಅದೇ ವೃತ್ತಿಯಲ್ಲಿ ನಿಂತಿದ್ದರೆ ಸುಖಕ್ಕೇನೂ ಕಡಿಮೆಯಿರಲಿಲ್ಲ.

ರಬಕವಿಯಲ್ಲಿ ಭಕ್ತರೊಬ್ಬರ ಮನೆಯಲ್ಲಿ ಓಲೆಯ ವಚನಗಳನ್ನು ಕಂಡುದೇ ಅವರ ಬಾಳಿನ ತಿರುವಾಯಿತು. ಮುಂದೆ ಊರೂರು ತಿರುಗಿ ಮಠಗಳಲ್ಲಿಯೂ ಮನೆಗಳಲ್ಲಿಯೂ ಓಲೆಗಳನ್ನು ಬೇಡಿದರು. ಪೂಜೆಯ ವಸ್ತುವನ್ನು ಪರರ ಕೈಗೆ ಹೇಗೆ ಕೊಡುವುದೆಂದು ಒಡೆಯರು ಹಿಂದೆಗೆಯುವುದು ಸಹಜವೇ. ದೊರೆತ ಪ್ರತಿಗಳಲ್ಲಿಯಾದರೂ ಒಂದರಂತೆ ಒಂದಿಲ್ಲ. ಇಲ್ಲಿ ಅವರ ವಕೀಲಿಯೇ ನೆರವಿಗೆ ಬಂದಿತೆಂದು ನನ್ನ ಊಹೆ. ಸಾಕ್ಷಿಗೆ ಸಾಕ್ಷಿಯನ್ನು ಹೋಲಿಸಿ ನಿಜವನ್ನು ತೆಗೆಯುವ ಅಭ್ಯಾಸವುಳ್ಳವರಿಗೆ ಪ್ರತಿಗೆ ಪ್ರತಿಯನ್ನು ಹೋಲಿಸುವುದು ಹೊಸ ವಿದ್ಯೆಯಾಗಿರಲಾರದು. ಇನ್ನೂರಕ್ಕೂ ಮಿಕ್ಕ ವಚನಕಾರರ ಹೆಸರು ಬೆಳಕಿಗೆ ಬಂದುದು ಈ ಶ್ರಮದಿಂದಲೇ.

೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವು ಪ್ರಕಟವಾಯಿತು. ಅದರ ಹಸ್ತಪ್ರತಿಯು ಮೊದಲು ಮಂಗಳೂರಿನ ಮುದ್ರಣಾಲಯವೊಂದಕ್ಕೆ ಹೋಗಿ ಮರಳಿ ಬಂದಿತ್ತು. ಕಡೆಗೆ ಅಚ್ಚಾದುದು ಬೆಳಗಾವಿಯಲ್ಲಿ. ಪರರ ಯಂತ್ರವನ್ನು ನಂಬಿ ಕುಳಿತರೆ ಕೆಲಸವು ಸಾಗದೆಂದು ೧೯೨೫ರಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತಾವೇ ಸ್ಥಾಪಿಸಿದರು. ಅದಕ್ಕಾಗಿ ವಾಸದ ಮನೆಯನ್ನೇ ಮಾರಿದರು! ವಕೀಲರಾದವರು ಮನೆ ಕಟ್ಟುವುದನ್ನು ನಾವೆಲ್ಲರೂ ಕಂಡಿದ್ದೇವೆ; ಅಚ್ಚಿನ ಮೊಳೆಗಳಿಗಾಗಿ ಇದ್ದ ಮನೆಯನ್ನು ಕಳೆದುಕೊಂಡವರನ್ನು ಮತ್ತೆಲ್ಲಿ ಕಾಣುವೆವು?

ಅವರ ಅಧ್ಯಾಪನವು ಪಾಠಶಾಲೆಯ ಗೋಡೆಗಳೊಳಗೆ ನಿಲ್ಲುವಂಥದಾಗಿರಲಿಲ್ಲ. ೧೯೧೦ರಲ್ಲಿಯೇ ಬಿಜಾಪುರ ಜಿಲ್ಲೆಯ ಲಿಂಗಾಯತ ವಿದ್ಯಾಸಂಸ್ಥೆಗೆ ಅಡಿಗಲ್ಲಿಟ್ಟು ಬಡಮಕ್ಕಳ ಓದಿಗೆ ದಾರಿ ಮಾಡಿದ್ದರು. ೧೯೧೨ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿಗೂ ಅವರೇ ಕಾರಣರು. ೧೯೨೬ರಲ್ಲಿ ತೊಡಗಿದ ‘ಶಿವಾನುಭವ’ ಪತ್ರಿಕೆಯಂತೂ ಮನೆಬಾಗಿಲಿಗೆ ನಡೆದುಬಂದ ಪಾಠಶಾಲೆ. ಶರಣರ ಚರಿತ್ರೆಗಳನ್ನು ತಿಳಿಯಾದ ಗದ್ಯದಲ್ಲಿ ಬರೆದರು. ಹರಿಹರನ ರಗಳೆಗಳನ್ನು ಸಂಪಾದಿಸಿದರು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷತೆಯೂ ದೊರೆಯಿತು. ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ ಬೇರೆ.

ನಮ್ಮ ಜಿಲ್ಲೆಯ ಬನವಾಸಿಯಲ್ಲಿ ಹುಟ್ಟಿ ಶಿರಸಿಯಲ್ಲಿ ಶಿಕ್ಷಕರಾಗಿದ್ದ ಹರ್ಡೇಕರ ಮಂಜಪ್ಪನವರು, ನೌಕರಿಯನ್ನು ತೊರೆದು ದಾವಣಗೆರೆಗೆ ಹೋಗಿ ೧೯೧೩ರಲ್ಲಿ ಬಸವಜಯಂತಿಯ ಸಾರ್ವಜನಿಕ ಉತ್ಸವವನ್ನು ಮೊದಲುಮಾಡಿದ್ದನ್ನು ಇಲ್ಲಿ ನೆನೆಯಬೇಕು. ಒಬ್ಬರು ಬಸವಣ್ಣನವರನ್ನು ಬೀದಿಗೆ ತಂದರು, ಮತ್ತೊಬ್ಬರು ಆತನ ಮಾತನ್ನು ಓದುಗರ ಕೈಗಿತ್ತರು.

ಕರ್ನಾಟಕ ವಿಶ್ವವಿದ್ಯಾಲಯವು ೧೯೫೬ರಲ್ಲಿ ಹಳಕಟ್ಟಿಯವರಿಗೆ ಗೌರವ ಡಾಕ್ಟರೇಟನ್ನಿತ್ತಿತು. ೧೯೬೪ನೆಯ ಇಸವಿ ಜೂನ್ ೨೯ರಂದು ಅವರು ಲಿಂಗೈಕ್ಯರಾದರು. ಭಕ್ತರಲ್ಲಿ ಒಂದು ವಿಜ್ಞಾಪನೆ: ತಮ್ಮ ಮನೆಯ ಜಗುಲಿಯ ಮೇಲೆ ಇನ್ನೂ ಬಿಚ್ಚದ ಓಲೆಗಟ್ಟುಗಳಿದ್ದರೆ, ಗೆದ್ದಲು ಮುಟ್ಟುವ ಮೊದಲು ಒಮ್ಮೆ ಶ್ರೀಮಠಕ್ಕೆ ತಂದು ತೋರಿಸುವ ಕೃಪೆಮಾಡಬೇಕು.