ದೂರಪಾಠ ಮತ್ತು ಕೇಳುಗನ ‘ಹೂಂ’: ಕರ್ನಾಟಕದ ಕಾಲ್ಪನಿಕ ತರಗತಿಗಳ ಚರಿತ್ರೆ

ಕನ್ನಡದ ಮೌಖಿಕ ಪರಂಪರೆಯಲ್ಲಿ ಕಥೆ ಹೇಳುವವರಷ್ಟೇ ಹೂಂಗುಟ್ಟುವವರೂ ಮುಖ್ಯರು. ಮೊಮ್ಮಗನ ‘ಹೂಂ’ ನಿಂತಿತೆಂದರೆ ಅಜ್ಜಿಯ ಕಥೆಯೂ ನಿಲ್ಲುತ್ತದೆ. ಮಂಟೇಸ್ವಾಮಿ ಕಾವ್ಯದ ಗಾಯನದಲ್ಲಿಯೂ ಹಿಮ್ಮೇಳದವರು ಸೊಲ್ಲು ಹಿಡಿಯದೆ ಕಥೆ ಮುಂದೆ ಸಾಗದು. ಗುರು ಒಂದೆಡೆ, ಶಿಷ್ಯರು ಮತ್ತೊಂದೆಡೆ ಇರುವ ದೂರಪಾಠದ ಚರಿತ್ರೆಯನ್ನು ಈ ಮರುದನಿಯ ನೆಲೆಯಿಂದಲೂ ಪರಿಶೀಲಿಸಬಹುದಾಗಿದೆ.

1975ರ ಆಗಸ್ಟ್ 1ರಂದು ಆರಂಭವಾದ ‘ಸೈಟ್’ ಪ್ರಯೋಗವು ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿತು. ಅಂದಿನ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಬೆಳಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಊರವರಿಗೆ ಕನ್ನಡದ ಕಾರ್ಯಕ್ರಮಗಳು ಬಿತ್ತರವಾಗುತ್ತಿದ್ದವು. ದನಿ ಆಕಾಶದಿಂದ ಇಳಿಯುತ್ತಿತ್ತೇ ಹೊರತು ಏರುತ್ತಿರಲಿಲ್ಲ. ಒಂದು ವರ್ಷಕ್ಕೆ ಪ್ರಯೋಗ ಮುಗಿಯಿತು.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಹಾರಿದ ‘ಎಜುಸ್ಯಾಟ್’ ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ಅದರ ಜಾಲದಲ್ಲಿ ಮರುಪ್ರಶ್ನೆ ಕೇಳಬಲ್ಲ ಕೇಂದ್ರಗಳೂ ಇದ್ದವು, ಪಾಠವನ್ನು ಕೇವಲ ಸ್ವೀಕರಿಸುವ ಕೇಂದ್ರಗಳೂ ಇದ್ದವು. ಚಾಮರಾಜನಗರ ಜಿಲ್ಲೆಯ 800ಕ್ಕೂ ಹೆಚ್ಚು ಪ್ರಾಥಮಿಕ ಶಾಲೆಗಳ ಪಾಲಿಗೆ ಬಂದದ್ದು ಎರಡನೆಯ ಬಗೆ. ಸೊಲ್ಲು ಹಿಡಿಯುವ ನೀಲಗಾರರ ಸೀಮೆಗೇ ಮರುದನಿಯಿಲ್ಲದ ಪಾಠ ದೊರೆತದ್ದು ಕಾಕತಾಳೀಯವಾದರೂ ಗಮನಾರ್ಹ. 2010ರಲ್ಲಿ ಈ ಉಪಗ್ರಹದ ಸೇವೆ ಕೊನೆಗೊಂಡಿತು.

2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಜೂಮ್, ಗೂಗಲ್ ಮೀಟ್ ಮುಂತಾದ ಸಾಧನಗಳು ಮನೆಮನೆಗೆ ಬಂದವು. ಗದ್ದಲ ತಪ್ಪಿಸಲು ಮಕ್ಕಳ ಮೈಕು ಮುಚ್ಚಿಸುವುದು ರೂಢಿಯಾಯಿತು. ಮರುದನಿಗೆ ದಾರಿಯಿದ್ದೂ ಅದನ್ನು ಮುಚ್ಚಿದ ಈ ಸ್ಥಿತಿ ಹಿಂದಿನ ಎರಡು ಪ್ರಯೋಗಗಳಿಗಿಂತ ಭಿನ್ನವಾದುದು. ತರಗತಿಯಲ್ಲಿ ಮಗುವಿನ ಹೆಸರು ಕಾಣುತ್ತಿತ್ತು; ಮಗು ಕೇಳುತ್ತಿದೆಯೇ, ಮಲಗಿದೆಯೇ ಎಂಬುದು ಅಜ್ಜಿಗೆ ತಿಳಿಯುವಂತೆ ಶಿಕ್ಷಕರಿಗೆ ತಿಳಿಯುತ್ತಿರಲಿಲ್ಲ.

ಅದೇ ಆಗಸ್ಟಿನಲ್ಲಿ ರಾಜ್ಯದ ಶಿಕ್ಷಣ ಇಲಾಖೆ ‘ವಿದ್ಯಾಗಮ’ವನ್ನು ಆರಂಭಿಸಿತು. ಸ್ಮಾರ್ಟ್‌ಫೋನ್ ಇರುವವರು, ಸಾಧಾರಣ ಮೊಬೈಲ್ ಇರುವವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ಮೂರು ಕಾಲ್ಪನಿಕ ತರಗತಿಗಳಾಗಿ ವಿಂಗಡಿಸಲಾಯಿತು. ಮೂರನೆಯ ಗುಂಪಿನ ಪಾಲಿಗೆ ‘ಕಾಲ್ಪನಿಕ’ ಎಂಬ ಪದ ಅಕ್ಷರಶಃ ನಿಜವಾಗಿತ್ತೆನ್ನಬೇಕು. ಆದರೆ ಫೋನಿಲ್ಲದವರಿಗಾಗಿ ಶಿಕ್ಷಕರೇ ಊರಿಗೆ ನಡೆದರು. ಗುಡಿಯ ಜಗಲಿ, ಸಮುದಾಯ ಭವನ, ಮರದ ನೆರಳುಗಳು ಪಾಠಶಾಲೆಗಳಾದವು. ಊರಲ್ಲಿ ಹರಿಕಥೆ, ಕಾವ್ಯಗಾಯನಗಳು ನಡೆಯುತ್ತಿದ್ದುದೂ ಇಂಥ ಎಡೆಗಳಲ್ಲಿಯೇ. ಸಾಧನವಿಲ್ಲದ ಮಕ್ಕಳಿಗೇ ಎದುರಾಬದುರು ಕುಳಿತು ಉತ್ತರ ಹೇಳುವ ಅವಕಾಶ ಮೊದಲು ಮರಳಿ ದೊರೆತದ್ದು ಈ ಚರಿತ್ರೆಯ ವೈಚಿತ್ರ್ಯ. ಸೋಂಕಿನ ಭೀತಿಯಿಂದ ಅಕ್ಟೋಬರಿನಲ್ಲಿ ವಿದ್ಯಾಗಮವನ್ನು ತಡೆಹಿಡಿಯಲಾಯಿತು. 2021ರ ಜನವರಿ 1ರಿಂದ ಅದು ಶಾಲೆಗಳ ಆವರಣದಲ್ಲಿ ಮತ್ತೆ ನಡೆಯಿತು.