ತೆಂಗಿನ ಸೀಮೆಯವರ ಕಾಲೇಜು ವಿದ್ಯೆಗೆ ಒದಗಿದ ದ್ರವ್ಯಸಹಾಯ

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ಗೃಹಸ್ಥನ ಧನವಿರುವುದು ಪೆಟ್ಟಿಗೆಯಲ್ಲಲ್ಲ, ಅಟ್ಟದ ಮೇಲೆ. ಅಟ್ಟಕ್ಕೇರಿದ ಕಾಯಿ ಉಂಡೆಕೊಬ್ಬರಿಯಾಗಲು ಹೆಚ್ಚುಕಡಮೆ ಒಂದು ವರ್ಷ ಬೇಕು. ಕಾಲೇಜಿನ ಶುಲ್ಕವಾದರೋ ಅಷ್ಟು ಕಾಲ ಕಾಯದು. ಆದುದರಿಂದ ತೋಟವುಳ್ಳವನೆಂದು ಹೆಸರಾದವನೂ ಮಗನ ಓದಿಗಾಗಿ ಸಾಲ ಹುಡುಕಬೇಕಾಗುತ್ತಿತ್ತು. ಇನ್ನು ಕೂಲಿಯವನ ಪಾಡನ್ನು ಹೇಳತಕ್ಕುದೇನು!

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದಾಗ ಅದರ ಕಾಲೇಜುಗಳಿದ್ದುದು ಮೈಸೂರು, ಬೆಂಗಳೂರುಗಳಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು 1918ರಲ್ಲಿ ನೇಮಿಸಿದ ಸರ್ ಲೆಸ್ಲಿ ಮಿಲ್ಲರರ ಸಮಿತಿಯು ಮರುವರ್ಷ ವರದಿಯನ್ನೊಪ್ಪಿಸಿ, ಹಿಂದುಳಿದ ಪಂಗಡಗಳ ಮಕ್ಕಳಿಗೆ ವಿದ್ಯಾರ್ಥಿವೇತನಗಳನ್ನು ಹೆಚ್ಚಿಸಬೇಕೆಂದಿತು. ವೀರಶೈವರೂ ಆ ಪಂಗಡಗಳಲ್ಲಿ ಸೇರಿದ್ದರು. ವೇತನವೇನೋ ದೊರೆಯಬಹುದು, ಪರಸ್ಥಳದಲ್ಲಿ ಹುಡುಗನು ಉಣ್ಣುವುದೆಲ್ಲಿ, ಮಲಗುವುದೆಲ್ಲಿ?

ಇದಕ್ಕೆ ದಾರಿಯನ್ನು ಮೊದಲೇ ತೋರಿದ್ದವರು ನೆರೆಯ ಗುಬ್ಬಿಯ ವರ್ತಕರಾದ ತೋಟದಪ್ಪನವರು. ಬೆಂಗಳೂರಿನ ರೈಲ್ವೆ ನಿಲ್ದಾಣದ ಬಳಿ 1903ರಲ್ಲಿ ಛತ್ರವನ್ನು ಕಟ್ಟಿಸಿದ ಅವರ ಧರ್ಮಸಂಸ್ಥೆಯು ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನೂ ನಡೆಸಿತು. ಶುಲ್ಕದ ರಿಯಾಯಿತಿಗಿಂತಲೂ ಈ ಅನ್ನ, ಈ ಸೂರು ದೊಡ್ಡ ಸಹಾಯವೆಂದರೆ ಅತಿಶಯೋಕ್ತಿಯಲ್ಲ. ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತ ಆ ನಿಲಯದಲ್ಲಿದ್ದ ಶ್ರೀ ಶಿವಕುಮಾರ ಸ್ವಾಮಿಗಳು 1930ರಲ್ಲಿ ಸಿದ್ಧಗಂಗೆಯಲ್ಲಿ ವಿರಕ್ತಾಶ್ರಮವನ್ನು ಸ್ವೀಕರಿಸಿದರು. ತಾವುಂಡ ಅನ್ನವನ್ನು ಜಾತಿಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ಉಣಿಸಿದರು. 1963ರಲ್ಲಿ ತುಮಕೂರಿನಲ್ಲಿಯೇ ಇಂಜಿನಿಯರಿಂಗ್ ಕಾಲೇಜು ತೆರೆಯಿತು.

2021ರಲ್ಲಿ ಕರ್ನಾಟಕ ಸರ್ಕಾರವು ಆರಂಭಿಸಿದ ರೈತ ವಿದ್ಯಾನಿಧಿಯು ರೈತರ ಮಕ್ಕಳಿಗೆ ವರ್ಷಕ್ಕೆ 2,500ರಿಂದ 11,000 ರೂಪಾಯಿಗಳನ್ನು ಗೊತ್ತುಮಾಡಿತು. ಖಾಸಗಿ ಕಾಲೇಜಿನ ಶುಲ್ಕದೆದುರು ಇದು ಅಲ್ಪವೇ ಸರಿ. ಉಳಿದುದಕ್ಕೆ ಮತ್ತೆ ಅಟ್ಟವನ್ನೇ ನೋಡಬೇಕು.